ಅಕ್ಕೋರೆ, ನನ್ನ ಆಟ ಹೋಯ್ತು: ಒಗಟು ಆಟಗಳ ಮೆನು, ಸೆಟ್ಟಿಂಗ್ ದೋಷ ಹುಡುಕುವ ಕೈಪಿಡಿ

ಜುಲೈ ಬಂತೆಂದರೆ ನಮ್ಮ ಕುಮಟಾ ಕಡೆ ಶಾಲೆಗೆ ಮಳೆ ರಜೆ ಶುರುವಾಗುತ್ತದೆ. ಜಿಲ್ಲಾಧಿಕಾರಿಗಳ ಆದೇಶ ಬಂತು ಎಂಬ ಸುದ್ದಿ ಬೆಳಿಗ್ಗೆಯೇ ಫೋನಿನಿಂದ ಫೋನಿಗೆ ಹೋಗುತ್ತದೆ. ಹತ್ತು ಗಂಟೆ ಹೊತ್ತಿಗೆ ನಮ್ಮೂರ ವಾಚನಾಲಯದ ಜಗಲಿ ತುಂಬ ಒದ್ದೆ ಕೊಡೆಗಳು. ಒಳಗೆ ನಾಲ್ಕು ಹಳೆ ಕಂಪ್ಯೂಟರ್‌ಗಳಿವೆ. ಶಾಲೆಯಿಂದ ನಿವೃತ್ತಳಾದ ಮೇಲೆ ಅವನ್ನು ನಾನೇ ನೋಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಇಂಟರ್ನೆಟ್ ನಂಬಿ ಕೂರುವ ಹಾಗಿಲ್ಲ. ಅದಕ್ಕೇ ಇಂಟರ್ನೆಟ್ ಬೇಡದ ಒಗಟು ಆಟಗಳನ್ನು ಹಾಕಿಟ್ಟಿದ್ದೇನೆ.

ಅವು ಸೈಮನ್ ಟ್ಯಾಥಮ್ ಅವರ ಪೋರ್ಟಬಲ್ ಪಜಲ್ ಕಲೆಕ್ಷನ್ ಎಂಬ ಕಂತೆಯ ಆಟಗಳು. ಪುಟ್ಟಿ ಎಂಬ ಹೆಸರಾದ ತಂತ್ರಾಂಶ ಬರೆದವರೇ ಇವನ್ನೂ ಶುರು ಮಾಡಿದ್ದು. ಸುಮಾರು 40 ಆಟಗಳಿವೆ. ಸುಡೊಕುವಿಗೆ ಸೋಲೋ ಎಂದು ಹೆಸರು. ಬಾಂಬು ಹುಡುಕುವುದು ಮೈನ್ಸ್, ಗೆರೆಗಳ ಸಿಕ್ಕು ಬಿಡಿಸುವುದು ಅನ್‌ಟ್ಯಾಂಗಲ್. ಎಲ್ಲವೂ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತವೆ. ಡೆಬಿಯನ್, ಉಬುಂಟು ಇದ್ದವರು ಎಸ್‌ಜಿಟಿ ಪಜಲ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡರೆ ಎಲ್ಲವೂ ಒಟ್ಟಿಗೇ ಬರುತ್ತವೆ.

ಎರಡು ಮಳೆಗಾಲದಿಂದ ದಿನಕ್ಕೆ ಹತ್ತು ಸಲ ಕೇಳಿದ ಮಾತು ಒಂದೇ: "ಅಕ್ಕೋರೆ, ಇದು ಹಾಳಾಗಿದೆ." ಹೋಗಿ ನೋಡಿದರೆ ಆಟ ಹಾಳಾಗಿದ್ದು ತೀರಾ ಕಡಿಮೆ. ಯಾವ ಸೆಟ್ಟಿಂಗ್ ಎಲ್ಲಿ ಕೂತಿದೆ ಎಂಬುದು ನಮಗೆ ಗೊತ್ತಿರುತ್ತಿರಲಿಲ್ಲ. ಅದು ಗೊತ್ತಾದ ಮೇಲೆ ನಮ್ಮ ವಾಚನಾಲಯದಲ್ಲಿ ಅರ್ಧಕ್ಕರ್ಧ ಗಲಾಟೆ ನಿಂತಿತು. ಊರೂರಿನ ಶಾಲೆ, ವಾಚನಾಲಯಗಳಲ್ಲಿ ನನ್ನ ಹಾಗೆ ಕಂಪ್ಯೂಟರ್ ನೋಡಿಕೊಳ್ಳುವವರು ಇದ್ದೀರಲ್ವಾ, ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇನ್ನೊಂದು ಆಟ ತೆರೆದು ನೋಡಿ

ತೊಂದರೆ ಏನೇ ಇರಲಿ, ಮೊದಲ ಕೆಲಸ ಇದು. ಸೋಲೋದಲ್ಲಿ ತೊಂದರೆ ಬಂದರೆ ಅದೇ ಕಂಪ್ಯೂಟರಿನಲ್ಲಿ ಮೈನ್ಸ್ ತೆರೆದು ಅದೇ ಕೆಲಸ ಮಾಡಿ ನೋಡಿ.

ಯಾಕೆ ಅಂದರೆ, ಈ ಕಂತೆಯ ಒಳಗಿನ ಕಟ್ಟೋಣ ಮೂರು ಭಾಗದ್ದು. ಒಂದೊಂದು ಆಟದ ನಿಯಮ ಬೇರೆ ಬೇರೆ ಬರೆದಿದೆ. ಪರದೆಯ ಮೇಲೆ ಕಿಟಕಿ ತೆರೆಯುವ ಭಾಗ ವಿಂಡೋಸಿಗೆ ಒಂದು, ಲಿನಕ್ಸಿಗೆ ಒಂದು. ಇವೆರಡರ ನಡುವೆ ಎಲ್ಲ ಆಟಗಳಿಗೂ ಸೇರಿ ಒಂದೇ ಒಂದು ಭಾಗವಿದೆ. ಹೊಸ ಆಟ ಕೊಡುವುದು, ಒಂದು ಹೆಜ್ಜೆ ಹಿಂದೆ ಹೋಗುವುದು, ಸೇವ್ ಮಾಡುವುದು, ಆಟದ ಐಡಿ (ಒಂದು ಒಗಟನ್ನು ಗುರುತಿಸುವ ಬರಹ) ಓದುವುದು, ಇದೆಲ್ಲ ಈ ನಡುವಿನ ಭಾಗದ ಕೆಲಸ. ಹಾಗಾಗಿಯೇ 40 ಆಟಗಳಲ್ಲೂ ಗೇಮ್ ಮೆನು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ.

ದೋಷ ಹುಡುಕುವವರಿಗೆ ಇದು ದೊಡ್ಡ ಸಹಾಯ. ತೊಂದರೆ ಎರಡೂ ಆಟದಲ್ಲಿ ಬಂದರೆ ಕೀಬೋರ್ಡ್, ಲಾಗಿನ್ ಖಾತೆ, ಆವೃತ್ತಿ, ಈ ಮೂರರ ಕಡೆ ನೋಡಿ. ಒಂದೇ ಆಟದಲ್ಲಿ ಬಂದರೆ ಆ ಆಟದ ಟೈಪ್ ಮೆನು, ಪ್ರಿಫರೆನ್ಸಸ್ ನೋಡಿ. ಇಷ್ಟು ಮಾಡಿದರೇ ಅರ್ಧ ದಾರಿ ಮುಗಿಯಿತು.

ಜೊತೆಗೆ ಹೆಲ್ಪ್ ಮೆನುವಿನ ಅಬೌಟ್ ತೆರೆದು ಆವೃತ್ತಿ ಬರೆದಿಟ್ಟುಕೊಳ್ಳಿ. ಇಲ್ಲಿ ಆವೃತ್ತಿ ಅಂದರೆ ತಾರೀಕು. 2023ರ ಏಪ್ರಿಲ್ 10ರದ್ದಾದರೆ 20230410 ಎಂದಿರುತ್ತದೆ. ನಾನು ನಾಲ್ಕೂ ಕಂಪ್ಯೂಟರಿನ ನೆತ್ತಿಗೆ ಚೀಟಿ ಅಂಟಿಸಿ ಇದನ್ನು ಬರೆದಿದ್ದೇನೆ. ಮುಂದೆ ಇದು ಬೇಕಾಗುತ್ತದೆ.

ಆಡುತ್ತಿದ್ದ ಆಟ ಇದ್ದಕ್ಕಿದ್ದಂತೆ ಮಾಯ

ಇದು ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದ ದೂರು. ಆರನೇ ಕ್ಲಾಸಿನ ಹುಡುಗನೊಬ್ಬ ಮುಕ್ಕಾಲು ಗಂಟೆ ಕೂತು ಸೋಲೋ ಬಿಡಿಸುತ್ತಿದ್ದ. ಇನ್ನೇನು ಹತ್ತು ಮನೆ ಬಾಕಿ. ಇದ್ದಕ್ಕಿದ್ದಂತೆ ಪರದೆ ತುಂಬ ಬೇರೆಯೇ ಒಗಟು. ಅವನ ಕಣ್ಣಲ್ಲಿ ನೀರು ಬಂದಿತ್ತು.

"ತಮಾ, ಕಡೆಗೆ ಯಾವ ಕೀ ಒತ್ತಿದೆ?" ಎಂದು ಕೇಳಿದೆ.

"ಎಮ್ ಒತ್ತಿದೆ ಅಕ್ಕೋರೆ. ಚಿಕ್ಕ ಅಂಕೆ ತುಂಬಿಸಲಿಕ್ಕೆ."

ಅವನು ಹೇಳಿದ್ದು ಸರಿ. ಸೋಲೋದಲ್ಲಿ ಎಮ್ ಒತ್ತಿದರೆ ಖಾಲಿ ಮನೆಗಳಲ್ಲೆಲ್ಲ ಪೆನ್ಸಿಲ್ ಗುರುತುಗಳು, ಅಂದರೆ ಅಲ್ಲಿ ಬರಬಹುದಾದ ಅಂಕೆಗಳು ಚಿಕ್ಕದಾಗಿ, ಒಂದೇ ಸಲ ತುಂಬಿಕೊಳ್ಳುತ್ತವೆ. ಆದರೆ ಕೀಬೋರ್ಡಿನಲ್ಲಿ ಎಮ್‌ನ ಪಕ್ಕದಲ್ಲೇ ಎನ್ ಇದೆ. ಎನ್ ಒತ್ತಿದರೆ ಹೊಸ ಆಟ. "ಹೌದಾ, ಬೇಡ್ವಾ" ಎಂದು ಅದು ಕೇಳುವುದೇ ಇಲ್ಲ. ಕ್ಯೂ ಒತ್ತಿದರೆ ಇನ್ನೂ ಕಷ್ಟ, ಕಿಟಕಿಯೇ ಮುಚ್ಚಿಹೋಗುತ್ತದೆ. ಯು ಒತ್ತಿದರೆ ಹಿಂದಿನ ಹೆಜ್ಜೆ, ಆರ್ ಒತ್ತಿದರೆ ಮುಂದಿನ ಹೆಜ್ಜೆ. ಈ ಒಂದಕ್ಷರದ ಕೀಲಿಗಳು ಎಲ್ಲ ಆಟಕ್ಕೂ ಸೇರಿದ್ದು.

ಎನ್ ತಪ್ಪಿ ಒತ್ತಿದ್ದಾದರೆ ಗಾಬರಿ ಬೇಡ. ಬೇರೇನೂ ಮುಟ್ಟದೆ ಯು ಒತ್ತಿ, ಅಥವಾ ಗೇಮ್ ಮೆನುವಿನಲ್ಲಿ ಅನ್‌ಡೂ ಒತ್ತಿ. ಈಚಿನ ಆವೃತ್ತಿಗಳಲ್ಲಿ ಹೊಸ ಆಟ ತೆಗೆದದ್ದನ್ನೂ ಹಿಂದಕ್ಕೆ ತಿರುಗಿಸಬಹುದು. ಹಳೆಯ ಒಗಟು ನೀವು ತುಂಬಿದ ಅಂಕೆಗಳ ಸಮೇತ ವಾಪಸ್ ಬರುತ್ತದೆ. ಆ ಹುಡುಗನ ಆಟವೂ ಬಂತು. ಅವನ ಮುಖ ನೋಡಬೇಕಿತ್ತು ನೀವು! ಕ್ಯೂ ಒತ್ತಿ ಮುಚ್ಚಿದ್ದಾದರೆ ಮಾತ್ರ ದಾರಿ ಇಲ್ಲ. ಸೇವ್ ಮಾಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮತ್ತೆ ಹೀಗಾಗದಂತೆ ಮಾಡಲು ಗೇಮ್ ಮೆನುವಿನಲ್ಲಿ ಪ್ರಿಫರೆನ್ಸಸ್ ತೆರೆಯಿರಿ. ಅಲ್ಲಿ ಒಂದಕ್ಷರದ ಕೀಲಿಗಳನ್ನು ಆನ್, ಆಫ್ ಮಾಡುವ ಒಂದು ಚೌಕ ಇದೆ. ಅದರ ಗುರುತು ತೆಗೆದುಬಿಡಿ. ಆಮೇಲೆ ಎನ್, ಕ್ಯೂ ಸುಮ್ನೆ ಒತ್ತಿದರೆ ಏನೂ ಆಗುವುದಿಲ್ಲ. ಕಂಟ್ರೋಲ್ ಹಿಡಿದು ಒತ್ತಿದರೆ ಮಾತ್ರ ಕೆಲಸ ಮಾಡುತ್ತವೆ. ಚಿಕ್ಕ ಮಕ್ಕಳು ಕೂರುವ ಕಂಪ್ಯೂಟರಿನಲ್ಲಿ ಇದನ್ನು ಆಫ್ ಮಾಡಿಯೇ ಇಡಬೇಕು ಎಂಬುದು ನನ್ನ ಅಭಿಪ್ರಾಯ. ಪ್ರಿಫರೆನ್ಸಸ್ ಬಂದದ್ದು 2023ರಲ್ಲಿ. ಮೆನುವಿನಲ್ಲಿ ಅದು ಕಾಣದಿದ್ದರೆ ನಿಮ್ಮದು ಹಳೆಯ ಆವೃತ್ತಿ. ಚೀಟಿ ನೋಡಿ.

ಒಂದು ವಿಷಯ ಗಮನದಲ್ಲಿರಲಿ. ಈ ಆಯ್ಕೆ ಎಲ್ಲ ಆಟಗಳಲ್ಲೂ ಕಾಣುತ್ತದೆ, ಆದರೆ ಒಂದೊಂದು ಆಟವೂ ತನ್ನದನ್ನು ತಾನೇ ಇಟ್ಟುಕೊಳ್ಳುತ್ತದೆ. ಸೋಲೋದಲ್ಲಿ ಆಫ್ ಮಾಡಿದ ಮಾತ್ರಕ್ಕೆ ಮೈನ್ಸ್‌ನಲ್ಲಿ ಆಫ್ ಆಗುವುದಿಲ್ಲ. ನಾನು ಮೊದಲ ದಿನ ಸೋಲೋ ಒಂದರಲ್ಲಿ ಮಾಡಿ ಮನೆಗೆ ಹೋದೆ, ಮರುದಿನ ಅನ್‌ಟ್ಯಾಂಗಲ್ ಆಡುವವಳಿಂದ ಅದೇ ದೂರು ಬಂತು. ಮಕ್ಕಳು ಹೆಚ್ಚು ಆಡುವ ಎಂಟು ಹತ್ತು ಆಟಗಳನ್ನು ಒಂದೊಂದಾಗಿ ತೆರೆದು ಮಾಡಬೇಕು. ಅರ್ಧ ಗಂಟೆಯ ಕೆಲಸ.

ಇನ್ನೊಂದು ಸಲ ಬೇರೆಯೇ ಆಯಿತು. ಮೂರನೇ ಕಂಪ್ಯೂಟರಿನಲ್ಲಿ ಯಾರೂ ಮುಟ್ಟದೆಯೇ ಹೊಸ ಹೊಸ ಆಟ ಬರುತ್ತಲೇ ಇತ್ತು. ಮೈನ್ಸ್ ತೆರೆದು ನೋಡಿದೆ, ಅಲ್ಲೂ ಹಾಗೇ. ಎರಡೂ ಆಟದಲ್ಲಿ ಬಂತು ಅಂದರೆ ಆಟದ ದೋಷ ಅಲ್ಲ. ಟೆಕ್ಸ್ಟ್ ಎಡಿಟರ್ ತೆರೆದು ಕೈ ಕಟ್ಟಿ ಕೂತೆ. ಪರದೆಯ ಮೇಲೆ ಎನ್ ಅಕ್ಷರ ಸಾಲಾಗಿ ಬೀಳುತ್ತಾ ಹೋಯಿತು. ಕೀ ಒಳಗೇ ಸಿಕ್ಕಿಕೊಂಡಿತ್ತು. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪಿದೆ, ಮಳೆಗಾಲದಲ್ಲಿ ಗೋಡೆಯೂ ಬೆವರುತ್ತದೆ. ಕಾರವಾರದಿಂದ ಭಟ್ಕಳದ ತನಕ ಕೀಬೋರ್ಡ್ ಬಾಳಿಕೆ ಬರುವುದು ಕಷ್ಟ. ಬೇರೆ ಕೀಬೋರ್ಡ್ ಸಿಕ್ಕಿಸಿದೆ, ಸರಿಯಾಯಿತು. ಈಗ ಸಂಜೆ ಬಾಗಿಲು ಹಾಕುವಾಗ ಕೀಬೋರ್ಡುಗಳನ್ನು ಮಗುಚಿಟ್ಟು ಒಣ ಬಟ್ಟೆ ಹೊದಿಸುತ್ತೇವೆ.

ಇದಕ್ಕೆ ಉಲ್ಟಾ ದೂರೂ ಉಂಟು: "ಯಾವ ಕೀ ಒತ್ತಿದರೂ ಏನೂ ಆಗುವುದಿಲ್ಲ." ಹಾಗಿದ್ದರೆ ಪರದೆಯ ಮೂಲೆಯಲ್ಲಿ ಕೀಬೋರ್ಡ್ ಭಾಷೆ ನೋಡಿ. ನಮ್ಮಲ್ಲಿ ಯಾರೋ ಕನ್ನಡದಲ್ಲಿ ಅರ್ಜಿ ಟೈಪ್ ಮಾಡಿ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಹಾಗೇ ಬಿಟ್ಟು ಎದ್ದಿದ್ದರು. ಆಟ ಕಾಯುವುದು ಇಂಗ್ಲಿಷ್ ಎನ್‌ಗೆ. ಕನ್ನಡ ಅಕ್ಷರ ಬಂದರೆ ಅದಕ್ಕೆ ಗುರುತೇ ಸಿಗುವುದಿಲ್ಲ. ಭಾಷೆ ಬದಲಿಸಿದರೆ ಮುಗಿಯಿತು.

ಹಾಕಿದ ಸೆಟ್ಟಿಂಗ್ ನಿಲ್ಲುವುದಿಲ್ಲ

"ನಿನ್ನೆ ಕಷ್ಟದ್ದು ಹಾಕಿದ್ದೆ, ಇವತ್ತು ಮತ್ತೆ ಸುಲಭದ್ದೇ ಬರ್ತಿದೆ."

ಇಲ್ಲಿ ಎರಡು ಜಾಗಗಳನ್ನು ಬೇರೆ ಮಾಡಿ ನೋಡಬೇಕು. ಒಂದು ಟೈಪ್ ಮೆನು. ಒಗಟು ಎಷ್ಟು ದೊಡ್ಡದು, ಎಷ್ಟು ಕಷ್ಟ, ಎಷ್ಟು ಬಾಂಬು, ಎಲ್ಲ ಅಲ್ಲಿ. ಸಿದ್ಧ ಆಯ್ಕೆಗಳೂ ಇವೆ, ಕಸ್ಟಮ್ ಎಂಬಲ್ಲಿ ನಮಗೆ ಬೇಕಾದ ಹಾಗೆ ಹಾಕುವುದಕ್ಕೂ ಬರುತ್ತದೆ. ಇನ್ನೊಂದು ಪ್ರಿಫರೆನ್ಸಸ್. ಅದು ಒಗಟಿನ ವಿಷಯ ಅಲ್ಲ, ಆಡುವವರ ಇಷ್ಟದ ವಿಷಯ. ಟವರ್ಸ್ ಆಟದಲ್ಲಿ ಕಟ್ಟಡಗಳು ಎದ್ದು ನಿಂತ ಹಾಗೆ ಕಾಣಬೇಕೋ, ಚಪ್ಪಟೆ ಅಂಕೆ ಸಾಕೋ. ರೇಂಜ್ ಆಟದಲ್ಲಿ ಮೌಸಿನ ಎಡ ಗುಂಡಿ ಮನೆ ಕಪ್ಪು ಮಾಡಬೇಕೋ, ಚುಕ್ಕಿ ಇಡಬೇಕೋ. ಇಂಥವು.

ಪ್ರಿಫರೆನ್ಸಸ್‌ನಲ್ಲಿ ಹಾಕಿದ್ದು ಡಿಸ್ಕಿಗೆ ಬರೆಯಲ್ಪಡುತ್ತದೆ, ಆಟ ಮುಚ್ಚಿದರೂ ಉಳಿಯುತ್ತದೆ. ಟೈಪ್ ಮೆನುವಿನಲ್ಲಿ ಹಾಕಿದ್ದು ಆ ಕಿಟಕಿ ತೆರೆದಿರುವ ತನಕ ಮಾತ್ರ. ಮುಚ್ಚಿ ತೆರೆದರೆ ಮತ್ತೆ ಮೊದಲಿನ ಅಳತೆಗೇ ಬರುತ್ತದೆ. ಇದು ದೋಷವಲ್ಲ, ಅದರ ಕ್ರಮವೇ ಹಾಗೆ. ಮಕ್ಕಳಿಗೆ ಒಮ್ಮೆ ಬಿಡಿಸಿ ಹೇಳಿದ ಮೇಲೆ ಆ ದೂರು ಮತ್ತೆ ಬರಲಿಲ್ಲ.

ಟೈಪ್ ಬದಲಿಸಿದ ಕೂಡಲೇ ಹೊಸ ಒಗಟು ಬರುತ್ತದೆ ಎಂಬುದನ್ನೂ ನೆನಪಿಡಿ. "ಸುಮ್ನೆ ಏನಿದೆ ನೋಡೋಣ ಅಂತ ಒತ್ತಿದೆ" ಎಂದು ಅರ್ಧ ಆಟ ಕಳೆದುಕೊಂಡವರು ಬಹಳ.

ಈಗ ಪ್ರಿಫರೆನ್ಸಸ್‌ನಲ್ಲಿ ಹಾಕಿದ್ದೂ ನಿಲ್ಲದಿದ್ದರೆ? ಆಗ ಲಾಗಿನ್ ಖಾತೆಯ ಕಡೆ ನೋಡಿ. ಈ ಸೆಟ್ಟಿಂಗ್‌ಗಳು ಲಾಗಿನ್ ಆದವರ ಹೋಮ್ ಫೋಲ್ಡರಿನ ಒಳಗೆ, ಲಿನಕ್ಸಿನಲ್ಲಿ ಕಾನ್ಫಿಗ್ ಎಂಬ ಅಡಗಿದ ಫೋಲ್ಡರಿನಲ್ಲಿ ಕೂರುತ್ತವೆ. ಆಟಕ್ಕೊಂದು ಚಿಕ್ಕ ಫೈಲ್. ಇದರಿಂದ ಎರಡು ಥರದ ತೊಂದರೆ ಹುಟ್ಟುತ್ತದೆ.

ಗೆಸ್ಟ್ ಖಾತೆಯಲ್ಲಿ ಲಾಗಿನ್ ಆಗಿದ್ದರೆ, ಹೊರಗೆ ಬಂದ ಕೂಡಲೇ ಆ ಫೋಲ್ಡರನ್ನು ಕಂಪ್ಯೂಟರ್ ಪೂರ್ತಿ ಅಳಿಸಿಬಿಡಬಹುದು. ಸೆಟ್ಟಿಂಗ್ ಅದರ ಜೊತೆಗೇ ಹೋಗುತ್ತದೆ. ಒಂದು ಖಾಯಂ ಖಾತೆ ಮಾಡಿಕೊಡಿ. ಡಿಸ್ಕ್ ತುಂಬಿದ್ದರೂ ಬರೆಯಲು ಜಾಗ ಸಿಗದೆ ಹೀಗೇ ಆಗುತ್ತದೆ, ಅದನ್ನೂ ಒಮ್ಮೆ ನೋಡಿ.

ಎರಡನೆಯದು ಹಂಚಿಕೊಂಡ ಖಾತೆ. ನಮ್ಮ ನಾಲ್ಕೂ ಕಂಪ್ಯೂಟರಿನಲ್ಲಿ ಮಕ್ಕಳೆಲ್ಲರಿಗೂ ಸೇರಿ ಒಂದೇ ಖಾತೆ ಇತ್ತು. ಬೆಳಿಗ್ಗೆ ಕೂತ ಹುಡುಗಿ ರೇಂಜ್‌ನಲ್ಲಿ ಮೌಸ್ ಗುಂಡಿಗಳನ್ನು ಅದಲುಬದಲು ಮಾಡಿದಳು. ಅವಳಿಗೆ ಅದೇ ಅನುಕೂಲ. ಮಧ್ಯಾಹ್ನ ಬಂದ ಹುಡುಗ ಎಡಕ್ಕೆ ಒತ್ತಿದರೆ ಕಪ್ಪಿನ ಬದಲು ಚುಕ್ಕಿ. "ಮೌಸ್ ಹಾಳಾಗಿದೆ" ಎಂದು ದೂರು. ನಾನೂ ಮೌಸ್ ಬದಲಿಸಿದೆ, ಪ್ರಯೋಜನ ಇಲ್ಲ. ಆಮೇಲೆ ನೆನಪಾಗಿ ಸೋಲೋ ತೆರೆದೆ. ಅಲ್ಲಿ ಎಡ ಗುಂಡಿ ಸರಿಯಾಗಿಯೇ ಇತ್ತು. ಒಂದೇ ಆಟದಲ್ಲಿ ತೊಂದರೆ ಅಂದರೆ ಆ ಆಟದ ಪ್ರಿಫರೆನ್ಸಸ್. ತೆರೆದು ನೋಡಿದರೆ ಅಲ್ಲೇ ಇತ್ತು.

ಇಬ್ಬರದೂ ತಪ್ಪಿಲ್ಲ. ಮಗು ತನಗೆ ಬೇಕಾದ ಹಾಗೆ ಹೊಂದಿಸಿಕೊಳ್ಳುವುದನ್ನು ತಡೆಯಬಾರದು, ಕಂಪ್ಯೂಟರ್ ಕಲಿಯುವುದೇ ಹಾಗೆ. ಈಗ ದಿನವೂ ಬರುವ ಆರು ಮಕ್ಕಳಿಗೆ ಬೇರೆ ಬೇರೆ ಖಾತೆ ಮಾಡಿದ್ದೇನೆ. ಉಳಿದವರ ಖಾತೆಯಲ್ಲಿ ಬದಲಿಸಿದರೆ ಎದ್ದು ಹೋಗುವಾಗ ಮೊದಲಿನ ಹಾಗೆ ಮಾಡಿ ಹೋಗಬೇಕು ಎಂದು ಮಾತಾಗಿದೆ.

ಕರೆಂಟು, ಸೇವ್, ಪ್ರಿಂಟ್ ಮತ್ತು ಕೆಲವು ಚಿಲ್ಲರೆ ದೂರುಗಳು

ಈ ಆಟಗಳು ಡೆಸ್ಕ್‌ಟಾಪಿನಲ್ಲಿ ತಾವಾಗಿ ಸೇವ್ ಆಗುವುದಿಲ್ಲ. ನಮ್ಮಲ್ಲಿ ಒಂದು ಗುಡುಗು ಬಂದರೆ ಕರೆಂಟು ಹೋಯಿತು. ಅರ್ಧ ಗಂಟೆಗೊಮ್ಮೆ ಗೇಮ್ ಮೆನುವಿನ ಸೇವ್ ಒತ್ತಿಸಿ. ಸೇವ್ ಫೈಲಿನಲ್ಲಿ ಆಡಿದ ಹೆಜ್ಜೆಗಳೆಲ್ಲ ಇರುತ್ತವೆ, ವಾಪಸ್ ತೆರೆದ ಮೇಲೂ ಅನ್‌ಡೂ ಮೊದಲ ಹೆಜ್ಜೆಯ ತನಕ ಹೋಗುತ್ತದೆ. ಫೈಲಿಗೆ ಹೆಸರಿಡುವಾಗ ಆಟದ ಹೆಸರೂ ಸೇರಿಸಿ. ಮೈನ್ಸ್‌ನ ಫೈಲನ್ನು ಸೋಲೋದಲ್ಲಿ ತೆರೆಯಲು ಹೋದರೆ ಇದು ಬೇರೆ ಆಟದ್ದು ಎಂದು ನಿರಾಕರಿಸುತ್ತದೆ. ಫೈಲ್ ಕೆಟ್ಟಿದೆ ಎಂದು ಅಳಿಸಿಬಿಡಬೇಡಿ.

ಆಟ ನಿಂತೇ ಹೋಯಿತು, ಮೌಸ್ ಒತ್ತಿದರೂ ಅಲುಗುವುದಿಲ್ಲ ಎಂದರೆ, ಕಸ್ಟಮ್‌ನಲ್ಲಿ ಏನು ಹಾಕಿದ್ದಾರೆ ಕೇಳಿ. ಸೋಲೋದಲ್ಲಿ ದೊಡ್ಡ ಅಳತೆ, ಜೊತೆಗೆ ತೀರಾ ಕಷ್ಟದ ಮಟ್ಟ ಹಾಕಿದರೆ ಕಂಪ್ಯೂಟರಿಗೂ ಕಷ್ಟ. ಅಷ್ಟು ಗಟ್ಟಿಯಾದ ಒಗಟು ಸಿಗುವ ತನಕ ಅದು ಮಾಡಿ ಮಾಡಿ ಬಿಡುತ್ತಾ ಇರುತ್ತದೆ. ನಮ್ಮ ಹಳೆ ಕಂಪ್ಯೂಟರಿನಲ್ಲಿ ಕಷಾಯ ಕುಡಿದು ಬರುವಷ್ಟು ಹೊತ್ತು ಹಿಡಿದದ್ದುಂಟು. ಕಾಯಿರಿ, ಇಲ್ಲವೇ ಮುಚ್ಚಿ ಚಿಕ್ಕ ಅಳತೆ ಹಾಕಿ.

ಫಿಫ್ಟೀನ್‌ನಲ್ಲಿ ಪ್ರಿಂಟ್ ಸಿಗುವುದಿಲ್ಲ ಎಂಬುದೂ ದೋಷವಲ್ಲ. ಬಿಲ್ಲೆ ಸರಿಸುವ ಆಟವನ್ನು ಕಾಗದದ ಮೇಲೆ ಹೇಗೆ ಆಡುವುದು? ಸೋಲೋದಂಥವು ಪ್ರಿಂಟ್ ಆಗುತ್ತವೆ. ಪ್ರಿಂಟ್ ಕಿಟಕಿಯಲ್ಲಿ ಒಂದು ಹಾಳೆಗೆ ಅಡ್ಡ ಎಷ್ಟು, ಉದ್ದ ಎಷ್ಟು ಎಂದು ಕೇಳುತ್ತದೆ, ಉತ್ತರವೂ ಬೇಕಾ ಎಂದು ಕೇಳುತ್ತದೆ. ಈಗ ಪರದೆಯಲ್ಲಿ ಇರುವ ಒಗಟೇ ಬೇಕಿದ್ದರೆ ಅದನ್ನು ಸೇರಿಸುವ ಚೌಕಕ್ಕೆ ಗುರುತು ಹಾಕಬೇಕು. ಹಾಕದಿದ್ದರೆ ಬೇರೆ ಒಗಟುಗಳೇ ಬರುತ್ತವೆ. ಮಳೆಗಾಲಕ್ಕೆ ಮೊದಲು ನಾನು ಇಪ್ಪತ್ತು ಹಾಳೆ ತೆಗೆದು ಇಟ್ಟಿರುತ್ತೇನೆ.

ನಾಲ್ಕು ಕಂಪ್ಯೂಟರಿಗೆ ಒಂದೇ ಒಗಟು ಬರುವುದಿಲ್ಲ

ನನ್ನನ್ನು ಮೂರು ದಿನ ಕೂರಿಸಿದ ತೊಂದರೆ ಇದು. ಮಕ್ಕಳಿಗೆ ಸ್ಪರ್ಧೆ ಇಡಬೇಕಿತ್ತು. ನಾಲ್ವರಿಗೂ ಒಂದೇ ಒಗಟು ಸಿಕ್ಕರೆ ಮಾತ್ರ ನ್ಯಾಯ ಅಲ್ವಾ.

ಗೇಮ್ ಮೆನುವಿನಲ್ಲಿ ಇದಕ್ಕೆ ಎರಡು ದಾರಿ ಇದೆ. ರ್ಯಾಂಡಮ್ ಸೀಡ್ ಎಂಬುದು ಒಂದು, ಸ್ಪೆಸಿಫಿಕ್ ಎಂಬುದು ಇನ್ನೊಂದು. ಸೀಡ್ ಅಂದರೆ ಬೀಜ. ನೀವು ಯಾವುದೋ ಒಂದು ಸಂಖ್ಯೆ ಕೊಟ್ಟರೆ ಅದರಿಂದ ಆಟ ಒಂದು ಒಗಟು ಬೆಳೆಸುತ್ತದೆ. ಅದೇ ಬೀಜ ಕೊಟ್ಟರೆ ಮತ್ತೆ ಅದೇ ಒಗಟು. ನಾನು ಆ ದಿನದ ತಾರೀಕನ್ನೇ ಬೀಜವಾಗಿ ಕೊಟ್ಟೆ. ಮೂರು ಕಂಪ್ಯೂಟರಿನಲ್ಲಿ ಒಂದೇ ಸುಡೊಕು ಬಂತು. ನಾಲ್ಕನೆಯದರಲ್ಲಿ ಬೇರೆಯೇ ಬಂತು.

ಮೊದಲು ಟೈಪಿಂಗ್ ತಪ್ಪಿರಬೇಕು ಎಂದುಕೊಂಡೆ. ಅದು ಆಗುವಂಥದ್ದೇ. ಬೀಜದಲ್ಲಿ ಒಂದು ಖಾಲಿ ಜಾಗ ಜಾಸ್ತಿ ಆದರೂ, ದೊಡ್ಡಕ್ಷರ ಚಿಕ್ಕಕ್ಷರ ಬದಲಾದರೂ ಒಗಟು ಬೇರೆಯಾಗುತ್ತದೆ. ಅದಕ್ಕೇ ಬರೀ ಅಂಕೆ ಬಳಸುವುದು ಒಳ್ಳೆಯದು. ಬೀಜದ ಮುಂದೆ ಅಳತೆ ಮತ್ತು ಕಷ್ಟದ ಮಟ್ಟದ ಗುರುತೂ ಇರುತ್ತದೆ, ಅದೂ ನಾಲ್ಕರಲ್ಲೂ ಒಂದೇ ಇರಬೇಕು. ಎಲ್ಲ ಅಕ್ಷರ ಅಕ್ಷರ ಹೋಲಿಸಿದೆ. ಸರಿಯಾಗಿಯೇ ಇತ್ತು.

ಕಡೆಗೆ ಚೀಟಿ ನೋಡಿದೆ. ನಾಲ್ಕನೇ ಕಂಪ್ಯೂಟರಿನದು ಬೇರೆ ಆವೃತ್ತಿ. ಕಾರಣ ಅದೇ. ಬೀಜ ಒಂದೇ ಆದರೂ ಅದನ್ನು ಬೆಳೆಸುವ ಲೆಕ್ಕಾಚಾರ ಹೊಸ ಆವೃತ್ತಿಯಲ್ಲಿ ಬದಲಾಗಿದ್ದರೆ ಬೆಳೆ ಬೇರೆ ಬರುತ್ತದೆ. ರೈತರ ಮನೆ ಮಕ್ಕಳಿಗೆ ಇದನ್ನು ಹೇಳಿದ್ದೇ ತಡ, ಅರ್ಥವಾಯಿತು. "ಬೀಜ ಒಂದೇ, ಗದ್ದೆ ಬೇರೆ" ಎಂದ ಒಬ್ಬ.

ಆವೃತ್ತಿ ಬೇರೆ ಇರುವಲ್ಲಿ ಸ್ಪೆಸಿಫಿಕ್ ಬಳಸಬೇಕು. ಅದರಲ್ಲಿ ಒಗಟೇ ಬರಹವಾಗಿ ಇರುತ್ತದೆ, ಬೆಳೆಸುವ ಮಾತಿಲ್ಲ. ಸೋಲೋದ ಸಾದಾ ಒಗಟಿನ ಐಡಿ ಓದುವುದು ಸುಲಭ. ಅಳತೆ, ಒಂದು ಕೋಲನ್, ಆಮೇಲೆ ಸಾಲಾಗಿ ಅಂಕೆ ಮತ್ತು ಅಕ್ಷರಗಳು. ಅಂಕೆ ಅಂದರೆ ಆ ಮನೆಯಲ್ಲಿ ಕೊಟ್ಟಿರುವ ಸಂಖ್ಯೆ. ಅಕ್ಷರ ಅಂದರೆ ಖಾಲಿ ಮನೆಗಳ ಲೆಕ್ಕ: ಎ ಅಂದರೆ ಒಂದು ಖಾಲಿ, ಬಿ ಅಂದರೆ ಎರಡು, ಸಿ ಅಂದರೆ ಮೂರು. ಎರಡು ಸಂಖ್ಯೆ ಅಕ್ಕಪಕ್ಕ ಬಂದರೆ ನಡುವೆ ಕೆಳಗೆರೆ (_). ಎಲ್ಲ ಕೂಡಿದರೆ 81 ಮನೆ ಆಗಬೇಕು.

ಕೈಯಿಂದ ಟೈಪ್ ಮಾಡಿದಾಗ ವಿವರ ಸಾಲುತ್ತಿಲ್ಲ ಎಂಬ ಅರ್ಥದ ಸಂದೇಶ ಬಂದರೆ ಎಲ್ಲೋ ಒಂದು ಅಕ್ಷರ ಬಿಟ್ಟುಹೋಗಿದೆ ಎಂದೇ ತಿಳಿಯಿರಿ. ಜಾಸ್ತಿಯಾಯಿತು ಎಂದು ಬಂದರೆ ಒಂದು ಹೆಚ್ಚು ಬಿದ್ದಿದೆ. ಏಳನೇ ಕ್ಲಾಸಿನ ಹುಡುಗಿ ಒಬ್ಬಳು ಕಾಗದದ ಮೇಲೆ ಕೂಡಿಸಿ, "ಅಕ್ಕೋರೆ, 78 ಆಗ್ತದೆ, ಎಲ್ಲೋ ಒಂದು ಸಿ ಬಿಟ್ಟಿದ್ದೇವೆ" ಎಂದಳು. ಹೋಲಿಸಿದರೆ ಮೂರನೇ ಸಾಲಿನ ಸಿ ಬಿಟ್ಟಿತ್ತು! ಗಣಿತ ಕಲಿಸಿದ ನನಗೆ ಆ ದಿನ ಬೇರೇನೂ ಬೇಕಾಗಿರಲಿಲ್ಲ.

ಟೈಪ್ ಮಾಡುವ ಕಷ್ಟ ಬೇಡ ಎಂದರೆ ಒಂದು ಕಂಪ್ಯೂಟರಿನಲ್ಲಿ ಒಗಟು ತೆಗೆದು, ಒಂದು ಮನೆಯೂ ತುಂಬದೆ ಸೇವ್ ಮಾಡಿ, ಪೆನ್‌ಡ್ರೈವಿನಲ್ಲಿ ಒಯ್ದು ಉಳಿದವುಗಳಲ್ಲಿ ಲೋಡ್ ಮಾಡಿ. ಮೆನುವಿನ ಕಾಪಿ ಮಾತ್ರ ಇದಕ್ಕೆ ಆಗುವುದಿಲ್ಲ. ಅದು ಕೊಡುವುದು ಒಗಟಿನ ಚಿತ್ರವನ್ನು ಅಕ್ಷರದಲ್ಲಿ ಬರೆದ ಹಾಗೆ. ಅದನ್ನು ಸ್ಪೆಸಿಫಿಕ್‌ನಲ್ಲಿ ಅಂಟಿಸಿದರೆ ಒಪ್ಪುವುದಿಲ್ಲ.

ಸ್ಪೆಸಿಫಿಕ್‌ನಲ್ಲಿ ಅಳತೆ ಇರುತ್ತದೆ, ಕಷ್ಟದ ಮಟ್ಟ ಇರುವುದಿಲ್ಲ. ಒಗಟು ಆಗಲೇ ತಯಾರಾಗಿದೆಯಲ್ಲ, ಅದಕ್ಕೆ ಬೇಡ. ಹಾಗಾಗಿ ಕಷ್ಟದ ಒಗಟಿನ ಐಡಿ ಹಾಕಿ ಆಡಿ, ಆಮೇಲೆ ಹೊಸ ಆಟ ಒತ್ತಿದರೆ ಅಷ್ಟೇ ಕಷ್ಟದ್ದು ಬರುತ್ತದೆ ಎಂದು ನಂಬಬೇಡಿ. ಟೈಪ್ ಮೆನುವಿನಲ್ಲಿ ಮತ್ತೆ ಆರಿಸಿ.

ಸೋಲೋ ಸರಿಯಾಯಿತು. ನಾಲ್ಕನೆಯದಕ್ಕೂ ಅದೇ ಆವೃತ್ತಿ ಹಾಕಿದೆ. ಮರುದಿನ ಮೈನ್ಸ್ ಸ್ಪರ್ಧೆ. ಆವೃತ್ತಿ ಒಂದೇ, ಬೀಜ ಒಂದೇ, ಅಳತೆ ಒಂದೇ. ಆದರೂ ನಾಲ್ವರಿಗೆ ನಾಲ್ಕು ಥರದ ಬಾಂಬು ಹೊಲ! ಬೇರೆ ಆಟ ತೆರೆದು ಅದೇ ರೀತಿ ಮಾಡಿದೆ, ಅಲ್ಲಿ ಎಲ್ಲ ಒಂದೇ ಬಂತು. ಅಂದರೆ ತೊಂದರೆ ಮೈನ್ಸ್‌ನಲ್ಲೇ ಇದೆ.

ಮಕ್ಕಳು ಆಡುವುದನ್ನು ಹಿಂದೆ ನಿಂತು ನೋಡಿದ ಮೇಲೆ ಹೊಳೆಯಿತು. ಒಬ್ಬ ಮೂಲೆಯಲ್ಲಿ ಮೊದಲ ಮನೆ ತೆರೆದ, ಇನ್ನೊಬ್ಬಳು ನಡುವೆ ತೆರೆದಳು. ಮೈನ್ಸ್‌ನಲ್ಲಿ ಮೊದಲು ತೆರೆದ ಮನೆಯಲ್ಲಿ ಬಾಂಬು ಇರುವುದೇ ಇಲ್ಲ. ಅಲ್ಲಿಂದ ಊಹೆ ಇಲ್ಲದೆ, ಬರೀ ತರ್ಕದಿಂದಲೇ ಪೂರ್ತಿ ಬಿಡಿಸಲು ಬರುವ ಹಾಗೆ ಒಗಟು ಕೊಡುವುದು ಅದರ ಸಾಮಾನ್ಯ ಕ್ರಮ. ಹಾಗೆ ಕೊಡಬೇಕಾದರೆ ಮೊದಲ ಕ್ಲಿಕ್ ಎಲ್ಲಿ ಎಂದು ಗೊತ್ತಾಗಬೇಕು. ಆದ್ದರಿಂದ ಬಾಂಬು ಇಡುವುದೇ ಮೊದಲ ಕ್ಲಿಕ್ಕಿನ ನಂತರ. ಬೀಜ ಒಂದೇ ಇದ್ದರೂ ಮೊದಲ ಮನೆ ಬೇರೆಯಾದರೆ ಹೊಲವೂ ಬೇರೆ.

ದಾರಿ ಹೀಗೆ. ಒಂದು ಕಂಪ್ಯೂಟರಿನಲ್ಲಿ ನೀವೇ ಮೊದಲ ಮನೆ ತೆರೆಯಿರಿ. ಆಮೇಲೆ ಸ್ಪೆಸಿಫಿಕ್ ತೆರೆದು ಅಲ್ಲಿರುವ ಐಡಿ ಕಾಪಿ ಮಾಡಿಕೊಳ್ಳಿ. ಮೊದಲು ತೆರೆದ ಮನೆ ಯಾವುದು ಎಂಬುದೂ ಅದರಲ್ಲೇ ಬರುತ್ತದೆ, ಬೇರೆ ಕಂಪ್ಯೂಟರಿನಲ್ಲಿ ಹಾಕಿದಾಗ ಆ ಮನೆ ತಾನಾಗಿ ತೆರೆದುಕೊಳ್ಳುತ್ತದೆ. ಬಾಂಬುಗಳ ಜಾಗವನ್ನು ಕಣ್ಣಿಗೆ ಓದಲು ಸಿಗದ ಹಾಗೆ ಮರೆಮಾಚಿ ಬರೆದಿರುತ್ತದೆ, ಹಾಗಾಗಿ ಮಕ್ಕಳ ಕೈಗೆ ಐಡಿ ಕೊಟ್ಟರೂ ಚಿಂತೆ ಇಲ್ಲ. ಐಡಿ ಉದ್ದ ಇರುವುದರಿಂದ ಟೆಕ್ಸ್ಟ್ ಫೈಲಿಗೆ ಅಂಟಿಸಿ ಪೆನ್‌ಡ್ರೈವಿನಲ್ಲಿ ಒಯ್ಯುವುದು ವಾಸಿ.

ಹಾಗೇ ಮಾಡಿದೆವು. ನಾಲ್ಕೂ ಪರದೆಯಲ್ಲಿ ಒಂದೇ ಮೂಲೆ, ಒಂದೇ ಆಕಾರದಲ್ಲಿ ತೆರೆದುಕೊಂಡಿತು. ಆಟ ಶುರುವಾದ ಹತ್ತು ನಿಮಿಷಕ್ಕೆ ಒಬ್ಬ ಬಾಂಬು ತುಳಿದು ಅನ್‌ಡೂ ಒತ್ತಿದ. "ಅಕ್ಕೋರೆ, ವಾಪಸ್ ಬಂದರೂ ಕೆಳಗೆ ಸತ್ತ ಲೆಕ್ಕ ಒಂದು ಅಂತಲೇ ಇದೆ, ಇದು ದೋಷ ಅಲ್ವಾ?" ದೋಷ ಅಲ್ಲ ತಮಾ. ಮೈನ್ಸ್‌ನಲ್ಲಿ ಹೆಜ್ಜೆ ಹಿಂದೆ ಹೋಗುತ್ತದೆ, ಆ ಲೆಕ್ಕ ಹಿಂದೆ ಹೋಗುವುದಿಲ್ಲ. ಸ್ಪರ್ಧೆ ಮುಗಿದಾಗ ಕಿಟಕಿಯ ಕೆಳಗಿನ ಪಟ್ಟಿ ನೋಡಿದರೆ ಯಾರು ತಪ್ಪಿಲ್ಲದೆ ಮುಗಿಸಿದರು ಎಂದು ಅಲ್ಲೇ ಸಿಗುತ್ತದೆ.